ಬಾಲ ಕಂಡ ಬಟ್ಟೆ ವ್ಯಾಪಾರಿ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಿಂದ ಬಂದ ನಮಗೆ ಸೀಮೆಹಸುವಿಗೆ ಕೃತಕ ಗರ್ಭಧಾರಣೆ ಮಾಡಿಸೋದು ಹೊಸದಲ್ಲ. ಸ್ಟ್ರಾದೊಳಗಿನ ವೀರ್ಯಾಣುವಿನ ಬಾಲ ಆಡದಿದ್ದರೆ ಗಬ್ಬ ನಿಲ್ಲಲ್ಲ. ಆ ಬಾಲದ ಸುದ್ದಿಯನ್ನು ಜಗತ್ತಿಗೆ ತಿಳಿಸಿದವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ, ಆಂಟೋನಿ ವಾನ್ ಲೀವೆನ್‌ಹುಕ್.

ಹುಟ್ಟಿದ್ದು 1632ರಲ್ಲಿ. ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಲ್ಯಾಟಿನ್ ಬರುತ್ತಿರಲಿಲ್ಲ. ಕೈಯಾರೆ ಮಾಡಿದ ಪುಟ್ಟ ಮಸೂರಗಳೇ ಬಂಡವಾಳ. 1677ರಲ್ಲಿ ಯೋಹಾನ್ ಹಾಮ್ ಎಂಬ ವೈದ್ಯ ವಿದ್ಯಾರ್ಥಿ ರೋಗಿಯೊಬ್ಬನ ವೀರ್ಯ ತಂದು, ಅದರಲ್ಲಿ ಬಾಲದ ಜೀವಿಗಳಿವೆ ಅಂದ. ರೋಗದ ಕೊಳೆಯಿಂದ ಹುಟ್ಟಿದವು ಅನ್ನೋದು ಹಾಮ್‌ನ ಊಹೆ. ಲೀವೆನ್‌ಹುಕ್ ತನ್ನದನ್ನೇ ನೋಡಿದ. ಆರೋಗ್ಯವಂತನಲ್ಲೂ ಅವೇ! ಮುಜುಗರವೆನಿಸಿದರೆ ಅಚ್ಚು ಹಾಕಬೇಡಿ ಅಂತ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಅವರು ಅಚ್ಚು ಹಾಕಿದರು.

ಬಾಲದೊಳಗೆ ಏನಿದೆ ಅಂತ ನೋಡೋಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬರಬೇಕಾಯ್ತು. ಟ್ಯೂಬುಲಿನ್ ಪ್ರೋಟೀನಿನ ನಳಿಗೆಗಳು: ಸುತ್ತ 9 ಜೋಡಿ, ನಡುವೆ 2. ಸಸ್ತನಿಗಳಲ್ಲಿ ಹೊರಗೆ ಗಟ್ಟಿ ನಾರುಗಳು ಬೇರೆ. ಜೋಡಿಗಳನ್ನು ಜಾರಿಸುವ ಮೋಟಾರು ಡೈನೀನ್ ಎಂಬ ಪ್ರೋಟೀನು. ಮೆಕ್ಯಾನಿಕಲ್ ಗೆಳೆಯರೇ, ಇಂಧನ ಎಟಿಪಿ. ಡೈನೀನ್ ತೋಳುಗಳಿಲ್ಲದೆ ಬಾಲ ಅಲ್ಲಾಡದ ಗಂಡಸರ ವಿಷಯವನ್ನು 1976ರಲ್ಲಿ ಸ್ವೀಡನ್ನಿನ ಆಫ್ಜೇಲಿಯಸ್ ಪ್ರಕಟಿಸಿದ. ಆದರೂ ಮಕ್ಕಳಾಗದಿದ್ದರೆ ಸೊಸೆಯನ್ನೇ ಬಂಜೆ ಅನ್ನೋ ಮನೆಗಳು ನಮ್ಮ ಕಡೆ ಇನ್ನೂ ಇವೆ.

ಲೀವೆನ್‌ಹುಕ್ ಇದಕ್ಕೆ ತದ್ವಿರುದ್ಧ. ಮಗು ಪೂರ್ತಿ ಗಂಡಿನದೇ, ತಾಯಿದು ಬರೀ ಪೋಷಣೆ ಅಂತ ಹಟ ಹಿಡಿದಿದ್ದ. ಅದು ತಪ್ಪು; ಅಂಡದ ಪಾಲನ್ನು ಅವನು ಒಪ್ಪಲೇ ಇಲ್ಲ. 1723ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಂಡ. ಅವನ ಇಚ್ಛೆಯಂತೆ ಮಗಳು ಮರಿಯಾ 26 ಬೆಳ್ಳಿ ಸೂಕ್ಷ್ಮದರ್ಶಕಗಳನ್ನು ರಾಯಲ್ ಸೊಸೈಟಿಗೆ ಕಳಿಸಿಕೊಟ್ಟಳು. ಅವು ಆಮೇಲೆ ಅಲ್ಲಿಂದ ಕಳೆದೇ ಹೋದವು.