ಡೀಸೆಲ್ ಎಂಜಿನನ್ನು ಓಟದ ಕಣಕ್ಕಿಳಿಸಿದ ಕ್ಲೆಸ್ಸಿ ಕಮ್ಮಿನ್ಸ್

ಡೀಸೆಲ್ ಎಂಜಿನಿನ ಸದ್ದು ಕೇಳದ ಕಿವಿ ನಮ್ಮ ಕಾಸರಗೋಡು ಸೀಮೆಯಲ್ಲಿ ಇರಲಾರದು. ತೋಟದ ಪಂಪುಸೆಟ್ಟು, ಕಡಲಿಗಿಳಿಯುವ ಬೋಟು, ಕೆಂಪುಕಲ್ಲು ಹೇರಿಕೊಂಡು ಬರುವ ಲಾರಿ, ಗುಡ್ಡದ ದಾರಿಯ ಜೀಪು, ಹೀಗೆ ಎಲ್ಲಿ ಹೋದರೂ ಅದೇ ಸದ್ದು. ಹೊರೆ ಎಳೆಯಲು ಡೀಸೆಲ್, ಓಡಲು ಪೆಟ್ರೋಲ್ ಎಂಬುದು ರೂಢಿಯ ತಿಳುವಳಿಕೆ. ಆದರೆ ಕಂಬಳ ಕಂಡ ಜನರಿಗೆ ಇದನ್ನು ಬೇರೆ ಹೇಳಬೇಕಾಗಿಲ್ಲ. ಗದ್ದೆ ಉಳುವ ಕೋಣವೂ ಕರೆಯಲ್ಲಿಳಿದರೆ ಓಡುತ್ತದೆ. ಅಮೇರಿಕ ದೇಶದಲ್ಲಿ ಡೀಸೆಲ್ ವಾಹನಗಳಿಗೂ ಇಂಥದೊಂದು ಓಟವುಂಟು. ಜೋಡುಕರೆಯ ಹಾಗೆ ಎರಡು ಪಿಕಪ್ ಗಾಡಿಗಳು ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಹಸಿರು ದೀಪ ಹೊತ್ತಿದೊಡನೆ ಕಾಲು ಮೈಲಿ, ಅಂದರೆ 402 ಮೀಟರು ನೇರ ದಾರಿಯನ್ನು ಯಾರು ಮೊದಲು ಮುಗಿಸುತ್ತಾರೋ ಅವರದೇ ಗೆಲುವು. ಡ್ರ್ಯಾಗ್ ರೇಸ್ ಎಂದು ಅದರ ಹೆಸರು.

ಇದಕ್ಕೆ ಹೊಸ ಗಾಡಿಯೇ ಬೇಕೆಂದಿಲ್ಲ. ಅಲ್ಲಿನ ಹವ್ಯಾಸಿಗಳು ಬಹಳವಾಗಿ ಮೆಚ್ಚುವುದು 1989ರಿಂದ 1998ರ ವರೆಗೆ ತಯಾರಾದ ಡಾಜ್ ಕಂಪೆನಿಯ ಹಳೆಯ ಪಿಕಪ್ಪುಗಳನ್ನು. ಆರು ಸಿಲಿಂಡರು, ಹನ್ನೆರಡು ವಾಲ್ವು, 5.9 ಲೀಟರಿನ ಡೀಸೆಲ್ ಎಂಜಿನ್. ಹುಟ್ಟುವಾಗ ಅದಕ್ಕಿದ್ದ ಶಕ್ತಿ ಬರೇ 160 ಅಶ್ವಶಕ್ತಿ. ಕಂಪ್ಯೂಟರಿನ ಹಂಗಿಲ್ಲದ, ಸ್ಪಾನರು ಹಿಡಿಯಬಲ್ಲ ಯಾರೂ ಬಿಚ್ಚಿ ನೋಡಬಹುದಾದ ಯಂತ್ರವಾದ್ದರಿಂದಲೇ ಅದಕ್ಕೆ ಇಂದಿಗೂ ಬೆಲೆ. ಓಟಕ್ಕಿಳಿಸುವ ಮೊದಲು ಮಾಡಬೇಕಾದ ರಿಪೇರಿಯೊಂದಿದೆ. ಎಂಜಿನಿನ ಎದುರು ಭಾಗದಲ್ಲಿ ಗೇರು ಪೆಟ್ಟಿಗೆಯನ್ನು ಸರಿಯಾಗಿ ಕೂರಿಸಲು ಹಾಕಿದ ಬೆರಳುದ್ದವೂ ಇಲ್ಲದ ಉಕ್ಕಿನ ಪಿನ್ನೊಂದು, ವರ್ಷಗಟ್ಟಲೆಯ ಬಿಸಿಗೆ, ನಡುಕಕ್ಕೆ ಸಡಿಲಾಗಿ ಟೈಮಿಂಗ್ ಗೇರುಗಳ ನಡುವೆ ಬಿದ್ದುಬಿಡುವುದುಂಟು. ಬಿದ್ದರೆ ಪೆಟ್ಟಿಗೆ ಒಡೆಯುತ್ತದೆ, ಎಂಜಿನೇ ಹಾಳಾಗಲೂಬಹುದು. ಪಕ್ಕದ ಬೋಲ್ಟಿನಡಿ ತಗಡಿನ ತುಂಡೊಂದನ್ನು ಕೊಟ್ಟು ಆ ಪಿನ್ನು ಹೊರಬರದಂತೆ ತಡೆಯುವುದೇ ಪರಿಹಾರ. ಕಾಸಿನ ಕೆಲಸ, ಆದರೆ ಮರೆತವನ ಗತಿ ಹೇಳತೀರದು.

ಆಮೇಲೆ ಶಕ್ತಿ ಹೆಚ್ಚಿಸುವ ಮಾತು. ಪಂಪನ್ನು ತಿದ್ದಿ, ನೋಜಲ್ ಬದಲಿಸಿ ಹೆಚ್ಚು ಎಣ್ಣೆ ಕೊಡುತ್ತಾರೆ. ಎಣ್ಣೆ ಹೆಚ್ಚಿದಂತೆ ಗಾಳಿಯೂ ಹೆಚ್ಚಬೇಕು. ಇಲ್ಲವಾದರೆ ಕರಿಹೊಗೆಯಲ್ಲದೆ ಬೇರೇನೂ ಬಾರದು. ಅದಕ್ಕೆ ದೊಡ್ಡ ಟರ್ಬೋ, ಕೆಲವರು ಒಂದರ ಹಿಂದೊಂದರಂತೆ ಎರಡು ಟರ್ಬೋ. ಒತ್ತಡ ಏರಿದಾಗ ಹೆಡ್ ಗ್ಯಾಸ್ಕೆಟ್ ಹಾರಿಹೋಗುವುದರಿಂದ ಹೆಡ್ಡಿನ ಬೋಲ್ಟುಗಳ ಬದಲು ಗಟ್ಟಿ ಸ್ಟಡ್‌ಗಳು. ಎಂಜಿನ್ ಹೆಚ್ಚು ಸುತ್ತು ತಿರುಗಲು ಗವರ್ನರಿಗೂ ವಾಲ್ವುಗಳಿಗೂ ಬಿಗಿಯಾದ ಸ್ಪ್ರಿಂಗ್. ಇಷ್ಟಾದ ಮೇಲೆ ಮುರಿಯುವುದು ಗೇರ್ ಬಾಕ್ಸ್, ಅದನ್ನೂ ಬಲಪಡಿಸಬೇಕು. ಒಂದನ್ನು ಬಲಪಡಿಸಿದರೆ ಅದರ ಪಕ್ಕದ್ದು ದುರ್ಬಲವಾಗಿ ಕಾಣುವುದು ಈ ಕೆಲಸದ ಸ್ವಭಾವ.

ಆ ಎಂಜಿನಿನ ಮೇಲಿರುವ ಹೆಸರು ಕಮ್ಮಿನ್ಸ್. ಲಾರಿ, ಜನರೇಟರುಗಳ ಮೇಲೆ ನಾವೂ ಓದಿದ ಹೆಸರೇ. ಹಳೆಯ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿ ಓಟಕ್ಕೆ ಬಿಡುವ ಹುಚ್ಚನ್ನು ಅಮೇರಿಕದಲ್ಲಿ ಮೊದಲು ಮಾಡಿ ತೋರಿಸಿದವರು ಅದೇ ಹೆಸರಿನ ಮನುಷ್ಯ. ಅವರು ಮಾಡಿದ್ದು ಹವ್ಯಾಸಕ್ಕಲ್ಲ, ಮುಚ್ಚಿಹೋಗಲಿದ್ದ ಕಾರ್ಖಾನೆಯನ್ನು ಉಳಿಸಿಕೊಳ್ಳಲಿಕ್ಕೆ.

ಕ್ಲೆಸ್ಸಿ ಲೈಲ್ ಕಮ್ಮಿನ್ಸ್ ಜನಿಸಿದ್ದು 1888ರ ಡಿಸೆಂಬರ್ 27ರಂದು, ಇಂಡಿಯಾನ ರಾಜ್ಯದ ಹಳ್ಳಿಗಾಡಿನಲ್ಲಿ. ಶಾಲೆಯ ಓದು ಎಂಟನೇ ತರಗತಿಗೆ ಮುಗಿಯಿತು. ಆದರೆ ಹನ್ನೊಂದರ ವಯಸ್ಸಿಗೇ ಆವಿ ಎಂಜಿನೊಂದನ್ನು ಸ್ವಂತ ಕೈಯಿಂದ ಮಾಡಿ ಓಡಿಸಿದ ಹುಡುಗ ಅವರು. ಪಾಠ ಹೇಳುವ ನಮ್ಮಂಥವರಿಗೆ ಇಂಥ ಹುಡುಗರು ಆಗಾಗ ಸಿಗುವುದುಂಟು. ಪುಸ್ತಕ ತೆರೆದರೆ ತೂಕಡಿಸುವವರು, ಕೆಟ್ಟ ಸೈಕಲು ಕಂಡರೆ ಊಟ ಮರೆಯುವವರು. ಪರೀಕ್ಷೆಯ ಅಂಕಪಟ್ಟಿಯಲ್ಲಿ ಅವರನ್ನು ಅಳೆಯುವ ಕೋಲು ಇಲ್ಲ.

ಅಲ್ಲಿ ಇಲ್ಲಿ ಕಾರ್ಖಾನೆ ಕೆಲಸ ಮಾಡಿಕೊಂಡಿದ್ದ ಕಮ್ಮಿನ್ಸರನ್ನು 1908ರಲ್ಲಿ ಕೊಲಂಬಸ್ ಪಟ್ಟಣದ ಬ್ಯಾಂಕು ಮಾಲಿಕ ವಿಲಿಯಂ ಗ್ಲಾಂಟನ್ ಇರ್ವಿನ್ ಎಂಬವರು ತಮ್ಮ ಕಾರಿನ ಚಾಲಕನಾಗಿ, ಮೆಕ್ಯಾನಿಕನಾಗಿ ನೇಮಿಸಿಕೊಂಡರು. 1911ರಲ್ಲಿ ಇಂಡಿಯಾನಾಪೊಲಿಸಿನಲ್ಲಿ ಮೊತ್ತಮೊದಲ ಐನೂರು ಮೈಲಿ ಕಾರು ಓಟ ನಡೆದಾಗ, ಗೆದ್ದ ರೇ ಹ್ಯಾರೂನರ ಮಾರ್ಮನ್ ಕಾರಿನ ತಂಡದಲ್ಲಿ ಕಮ್ಮಿನ್ಸರೂ ದುಡಿದಿದ್ದರು. ಓಟದ ಕಣದ ವಾಸನೆ ಅವರಿಗೆ ಹತ್ತಿದ್ದು ಅಲ್ಲಿ. ಇರ್ವಿನರು ತಮ್ಮ ಗ್ಯಾರೇಜಿನಲ್ಲಿಯೇ ಅವರಿಗೆ ವರ್ಕ್‌ಶಾಪ್ ಹಾಕಿಕೊಟ್ಟರು. ಒಡೆಯ ಮತ್ತು ಡ್ರೈವರ್ ಎಂಬ ಸಂಬಂಧ ಮೆಲ್ಲಮೆಲ್ಲನೆ ಬೇರೆಯೇ ಆಯಿತು. 1919ರ ಫೆಬ್ರವರಿಯಲ್ಲಿ ಇರ್ವಿನರ ಹಣ, ಕಮ್ಮಿನ್ಸರ ಹೆಸರು ಸೇರಿ ಕಮ್ಮಿನ್ಸ್ ಎಂಜಿನ್ ಕಂಪೆನಿ ಹುಟ್ಟಿತು.

ಆರಂಭವೇ ನಷ್ಟದಿಂದ. ಸಿಯರ್ಸ್ ರೋಬಕ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆ ರೈತರಿಗೆ ಮಾರಲೆಂದು ಇವರಿಂದ ಸಣ್ಣ ಎಂಜಿನುಗಳನ್ನು ಕೊಳ್ಳತೊಡಗಿತು. ಮೆಚ್ಚದಿದ್ದರೆ ಹಿಂತಿರುಗಿಸಬಹುದೆಂಬುದು ಆ ಸಂಸ್ಥೆಯ ಉದಾರ ನಿಯಮ. ರೈತರು ಬೆಳೆಯ ಕಾಲವಿಡೀ ಎಂಜಿನ್ ಓಡಿಸಿ, ಕೆಲಸ ಮುಗಿದ ಮೇಲೆ ಹಿಂದಕ್ಕೆ ಕಳುಹಿಸಿ ಹಣ ಪಡೆದರು. ಮನುಷ್ಯ ಎಲ್ಲಿ ಹೋದರೂ ಒಂದೇ ಎನ್ನಬೇಕು. ನಷ್ಟದ ಹೊರೆ ಕಮ್ಮಿನ್ಸರ ತಲೆಗೆ ಬಿತ್ತು. ಆಮೇಲೆ ಬೋಟುಗಳಿಗೆ ಎಂಜಿನ್ ಮಾಡಿದರು. ವರ್ಷ ವರ್ಷವೂ ಇರ್ವಿನರು ಕೈಯಿಂದ ಹಣ ಹಾಕುತ್ತಲೇ ಹೋದರು. ಅವರ ತಾಳ್ಮೆಗೂ ಮಿತಿಯುಂಟಷ್ಟೆ? 1929ರ ಅಕ್ಟೋಬರಿನಲ್ಲಿ ಅಮೇರಿಕದ ಶೇರುಪೇಟೆ ಕುಸಿಯಿತು, ಶ್ರೀಮಂತರ ವಿಹಾರ ನೌಕೆಗಳ ವ್ಯಾಪಾರ ನಿಂತಿತು. ಎಂಜಿನ್ ಕೊಳ್ಳುವವರಿಲ್ಲ. ಕಂಪೆನಿಯನ್ನು ಮುಚ್ಚುವ ಮಾತು ಶುರುವಾಯಿತು.

ಆಗ ಕಮ್ಮಿನ್ಸರು ಮಾಡಿದ ಕೆಲಸ ವಿಚಿತ್ರವಾದುದು. ಹಳೆಯ ಪ್ಯಾಕಾರ್ಡ್ ಕಾರೊಂದನ್ನು ತಂದು, ಅದರ ಪೆಟ್ರೋಲ್ ಎಂಜಿನ್ ಕಳಚಿ, ಬೋಟಿಗೆಂದು ಮಾಡಿದ್ದ ತಮ್ಮ ನಾಲ್ಕು ಸಿಲಿಂಡರಿನ ಭಾರೀ ಡೀಸೆಲ್ ಎಂಜಿನನ್ನು ಅದರಲ್ಲಿ ಕೂರಿಸಿದರು. 1929ರ ಕ್ರಿಸ್‌ಮಸ್ ದಿನ ಇರ್ವಿನರನ್ನು ಅದರಲ್ಲಿ ಕುಳ್ಳಿರಿಸಿ ಪಟ್ಟಣ ಸುತ್ತಿಸಿದರು. ಹಣ ಹಾಕಿದ ಮುದುಕನಿಗೆ ಲೆಕ್ಕಪತ್ರಗಳು ತೋರಿಸದಿದ್ದುದನ್ನು ಆ ಒಂದು ಸವಾರಿ ತೋರಿಸಿತು. ಮುಚ್ಚುವ ಮಾತು ಅಲ್ಲಿಗೆ ನಿಂತಿತು.

ಕೆಲವೇ ದಿನಗಳಲ್ಲಿ, 1930ರ ಜನವರಿಯ ಚಳಿಯಲ್ಲಿ, ಅದೇ ಕಾರನ್ನು ಇಂಡಿಯಾನಾಪೊಲಿಸಿನಿಂದ ನ್ಯೂಯಾರ್ಕಿನ ಮೋಟಾರು ಪ್ರದರ್ಶನಕ್ಕೆ ಓಡಿಸಿಕೊಂಡು ಹೋದರು. ದೂರ 792 ಮೈಲಿ, ಸುಮಾರು 1,275 ಕಿಲೋಮೀಟರು. ಎಣ್ಣೆಗೆ ತಗಲಿದ ಖರ್ಚು 1 ಡಾಲರು 38 ಸೆಂಟ್. ಪ್ರದರ್ಶನದೊಳಗೆ ಜಾಗ ಸಿಗಲಿಲ್ಲ. ಹತ್ತಿರದಲ್ಲೇ ಬಾಡಿಗೆಗೆ ಜಾಗ ಹಿಡಿದು ಕಾರನ್ನು ನಿಲ್ಲಿಸಿದರು. ಮಂದಿ ಅಲ್ಲಿಗೂ ಬಂದರು, ಪತ್ರಿಕೆಯವರೂ ಬಂದರು. ಜಾಹೀರಾತಿಗೆ ಹಣವಿಲ್ಲದವನಿಗೆ ಸುದ್ದಿಯೇ ಜಾಹೀರಾತು ಎಂಬುದು ಕಮ್ಮಿನ್ಸರಿಗೆ ಹೊಳೆದದ್ದು ಆಗ. ಮುಂದೆ ಫ್ಲಾರಿಡದ ಡೇಟೋನ ಕಡಲತೀರದ ಗಟ್ಟಿ ಮರಳಿನ ಮೇಲೆ ಡೀಸೆಲ್ ಕಾರನ್ನು ಗಂಟೆಗೆ 80 ಮೈಲಿ ಓಡಿಸಿದರು. 1931ರ ಆರಂಭದಲ್ಲಿ ಡ್ಯೂಸೆನ್‌ಬರ್ಗ್ ಓಟದ ಕಾರಿಗೆ ಅದೇ ಜಾತಿಯ ಎಂಜಿನ್ ಕೂರಿಸಿ ನೂರು ಮೈಲಿಯನ್ನೂ ದಾಟಿಸಿದರು.

ಅದೇ ಡ್ಯೂಸೆನ್‌ಬರ್ಗನ್ನು ಇಂಡಿಯಾನಾಪೊಲಿಸಿನ ಐನೂರು ಮೈಲಿ ಓಟಕ್ಕೆ ತಂದರು. ಎಂಜಿನಿನ ಶಕ್ತಿ ಬರೇ 85 ಅಶ್ವಶಕ್ತಿ, ಗಾತ್ರ ಮೇಲೆ ಹೇಳಿದ ಪಿಕಪ್ಪಿನಷ್ಟೇ, ಸುಮಾರು 5.9 ಲೀಟರು. ವೇಗದಲ್ಲಿ ಗೆಲ್ಲುವ ಆಸೆ ಯಾರಿಗೂ ಇರಲಿಲ್ಲ. ಕಮ್ಮಿನ್ಸರ ಲೆಕ್ಕವೇ ಬೇರೆ. ಉಳಿದ ಕಾರುಗಳೆಲ್ಲ ಎಣ್ಣೆಗೆಂದು, ಟಯರಿಗೆಂದು ನಿಲ್ಲಲೇಬೇಕು, ತಮ್ಮದು ನಿಲ್ಲಬೇಕಾಗಿಲ್ಲ. ಡೇವ್ ಇವಾನ್ಸ್ ಚಾಲಕ. ಕಾರು ಹೊರಟಿತು, ಇನ್ನೂರು ಸುತ್ತು ತಿರುಗಿತು, ಒಮ್ಮೆಯೂ ನಿಲ್ಲದೆ ಐನೂರು ಮೈಲಿ ಮುಗಿಸಿತು. ಆ ಕಣದಲ್ಲಿ ಹಾಗೆ ಮಾಡಿದ ಮೊದಲ ಕಾರು ಅದು. ಸರಾಸರಿ ವೇಗ ಗಂಟೆಗೆ 86 ಮೈಲಿ, ಗೆದ್ದ ಕಾರಿನದು 96 ಮೈಲಿಗೂ ಮೇಲೆ. ಹೊರಟ ನಲವತ್ತರಲ್ಲಿ ಇದಕ್ಕೆ ಹದಿಮೂರನೇ ಸ್ಥಾನ. ಉರಿದದ್ದು ಸುಮಾರು 31 ಗ್ಯಾಲನ್, ನಮ್ಮ ಲೆಕ್ಕದಲ್ಲಿ 117 ಲೀಟರು ಎಣ್ಣೆ. ಗೆದ್ದವನ ಹೆಸರನ್ನು ಇಂದು ನೆನಪಿಡುವವರು ಕಡಿಮೆ. ಹದಿಮೂರನೆಯದಾಗಿ ಬಂದ ಕಾರಿನ ಕಥೆಯನ್ನು ಡೀಸೆಲ್ ಬಲ್ಲವರೆಲ್ಲ ಹೇಳುತ್ತಾರೆ.

ನನಗೆ ಹೆಚ್ಚು ಮುಖ್ಯವೆನಿಸುವುದು ಆ ವರ್ಷವೇ ನಡೆದ ಲಾರಿಯ ಪ್ರಯಾಣ. ಅಮೇರಿಕದ ಲಾರಿಗಳೆಲ್ಲ ಆಗ ಪೆಟ್ರೋಲಿನವು. 1931ರ ಆಗಸ್ಟಿನಲ್ಲಿ ಕಮ್ಮಿನ್ಸರು ಡೀಸೆಲ್ ಲಾರಿಯಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲಿಸಿಗೆ ಹೊರಟರು. 3,214 ಮೈಲಿಗೆ ಎಣ್ಣೆಯ ಖರ್ಚು 11 ಡಾಲರು 22 ಸೆಂಟ್. ಲಾರಿ ಮಾಲಿಕನಿಗೆ ವೇಗದ ಕಥೆ ಬೇಡ, ಈ ಅಂಕಿ ಸಾಕು. ವರ್ಷದ ಕೊನೆಗೆ ಇಂಡಿಯಾನಾಪೊಲಿಸಿನ ಕಣದಲ್ಲಿ ಲಾರಿಯೊಂದನ್ನು ಎಂಜಿನ್ ನಿಲ್ಲಿಸದೆ 14,600 ಮೈಲಿ ಓಡಿಸಿದ್ದೂ ಉಂಟು.

ಆಗಸ್ಟಿನ ಆ ಪ್ರಯಾಣದ ಕೊನೆಗೆ ಪ್ರಾಣಕ್ಕೇ ಸಂಚಕಾರ ಬಂದಿತ್ತು. ಕ್ಯಾಲಿಫೋರ್ನಿಯದ ಕಹೋನ್ ಘಾಟಿ ಇಳಿಯುವಾಗ ಲಾರಿಯ ಬ್ರೇಕು ಕಾದು ಹಿಡಿಯದಾಯಿತು. ಕೆಳಗೆ ರಸ್ತೆಗಡ್ಡವಾಗಿ ರೈಲುಹಳಿ, ಹಳಿಯ ಮೇಲೆ ಗೂಡ್ಸ್ ರೈಲು. ಕೂದಲೆಳೆಯಲ್ಲಿ ಪಾರಾದರು. ಸಂಪಾಜೆ ಘಾಟಿಯನ್ನೋ ಚಾರ್ಮಾಡಿಯನ್ನೋ ಹೊರೆಯೊಂದಿಗೆ ಇಳಿದ ನಮ್ಮ ಚಾಲಕರಿಗೆ ಆ ಕ್ಷಣದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಳಿಜಾರಿನಲ್ಲಿ ಕಡಿಮೆ ಗೇರಿನಲ್ಲಿದ್ದರೆ ಪೆಟ್ರೋಲ್ ಎಂಜಿನ್ ಗಾಡಿಯನ್ನು ಸಾಕಷ್ಟು ಹಿಡಿಯುತ್ತದೆ. ಡೀಸೆಲ್ ಎಂಜಿನ್ ಹಾಗೆ ಹಿಡಿಯದು, ಯಾಕೆಂದರೆ ಅದರ ಗಾಳಿಯ ದಾರಿ ಸದಾ ತೆರೆದಿರುತ್ತದೆ. ಒತ್ತಿದ ಗಾಳಿ ಸ್ಪ್ರಿಂಗಿನಂತೆ ಮರಳಿ ಪಿಸ್ಟನನ್ನು ತಳ್ಳಿಬಿಡುತ್ತದೆ.

ಕಂಪೆನಿ ಮೊದಲ ಲಾಭ ಕಂಡದ್ದು 1937ರಲ್ಲಿ, ಹುಟ್ಟಿ ಹದಿನೆಂಟು ವರ್ಷಗಳ ಮೇಲೆ. ಅಷ್ಟು ಕಾಲ ನಷ್ಟ ಹೊತ್ತ ಇರ್ವಿನರಿಗೂ ಈ ಕಥೆಯಲ್ಲಿ ಸಮಪಾಲು ಸಲ್ಲಬೇಕು. 1934ರಿಂದ ಆಡಳಿತ ಇರ್ವಿನರ ಮನೆತನದ ಕಿರಿಯ ಜೆ. ಇರ್ವಿನ್ ಮಿಲ್ಲರ್ ಅವರ ಕೈಗೆ ಬಂದಿತ್ತು. ಕಮ್ಮಿನ್ಸರು ಮುಂದೆ ಕ್ಯಾಲಿಫೋರ್ನಿಯಕ್ಕೆ ಹೋಗಿ ನೆಲೆಸಿದರು.

ಓಟದ ಹಂಬಲ ಮಾತ್ರ ಕಂಪೆನಿಯನ್ನು ಬಿಡಲಿಲ್ಲ. 1952ರಲ್ಲಿ ಕ್ಲೆಸ್ಸಿಯವರ ಸಹೋದರ ಡಾನ್ ಅವರ ಮುಂದಾಳುತನದಲ್ಲಿ ಸಿದ್ಧವಾದ ಕಾರು, ಆರು ಸಿಲಿಂಡರಿನ ಲಾರಿ ಎಂಜಿನನ್ನು ಅಡ್ಡ ಮಲಗಿಸಿ, ಟರ್ಬೋ ಹಾಕಿ ಕಟ್ಟಿದ್ದು. ಇಂಡಿಯಾನಾಪೊಲಿಸಿನಲ್ಲಿ ಟರ್ಬೋ ಕಂಡದ್ದು ಅದೇ ಮೊದಲು. ಅರ್ಹತಾ ಸುತ್ತಿನಲ್ಲಿ ಫ್ರೆಡ್ ಅಗಬೇಷಿಯನ್ ಅದನ್ನು ಗಂಟೆಗೆ 138 ಮೈಲಿಗೆ ಒಯ್ದು ಕಣದ ದಾಖಲೆಯನ್ನೇ ಮುರಿದು ಎಲ್ಲರಿಗಿಂತ ಮುಂದಿನ ಸ್ಥಾನ ಹಿಡಿದರು. ಓಟದ ದಿನ ಟಯರುಗಳಿಂದ ಉದುರಿದ ರಬ್ಬರು ಚೂರುಗಳನ್ನು ಟರ್ಬೋ ಸೆಳೆದುಕೊಂಡು ಕಟ್ಟಿಕೊಂಡಿತು. 71ನೇ ಸುತ್ತಿಗೆ ಕಾರು ನಿಂತಿತು. ಇಂದು ಹಳೆಯ ಪಿಕಪ್ಪಿಗೆ ದೊಡ್ಡ ಟರ್ಬೋ ಹಾಕುವವರು ಗಾಳಿಯ ಬಾಯಿಯನ್ನು ಎಲ್ಲಿಡಬೇಕೆಂದು ತಲೆ ಕೆಡಿಸಿಕೊಳ್ಳುತ್ತಾರೆ; ಆ ಪಾಠ ಅಷ್ಟು ಹಳೆಯದು.

ನಿವೃತ್ತಿಯ ಮೇಲೆ ಕಮ್ಮಿನ್ಸರು ಕಹೋನ್ ಘಾಟಿಯ ನೆನಪಿಗೆ ಮರಳಿದರು. ಪಿಸ್ಟನ್ ಗಾಳಿಯನ್ನು ಪೂರ್ತಿ ಒತ್ತಿ ಮೇಲೆ ಬಂದ ಕ್ಷಣಕ್ಕೆ ಹೊಗೆಯ ವಾಲ್ವನ್ನು ತೆರೆದುಬಿಟ್ಟರೆ, ಒತ್ತಿದ ಗಾಳಿ ಹೊರಗೆ ಹೋಗುತ್ತದೆ, ಪಿಸ್ಟನನ್ನು ಮರಳಿ ತಳ್ಳುವುದಿಲ್ಲ. ಶಕ್ತಿ ಕೊಡುವ ಎಂಜಿನೇ ಶಕ್ತಿ ನುಂಗುವ ಯಂತ್ರವಾಗುತ್ತದೆ. ಆದರೆ ಸರಿಯಾಗಿ ಆ ಕ್ಷಣಕ್ಕೆ ವಾಲ್ವನ್ನು ಒತ್ತುವವರು ಯಾರು? ತಮ್ಮ ಎಂಜಿನುಗಳಲ್ಲಿ ಅದೇ ಹೊತ್ತಿಗೆ ಎಣ್ಣೆ ಚಿಮ್ಮಿಸುವ ನೋಜಲನ್ನು ಒತ್ತುವ ಸನ್ನೆಯೊಂದು ಇದ್ದೇ ಇದೆ, ಅದರ ಚಲನೆಯನ್ನು ಆಯಿಲಿನ ಮೂಲಕ ವಾಲ್ವಿಗೆ ದಾಟಿಸಿದರಾಯಿತು ಎಂಬುದು ಅವರಿಗೆ ಹೊಳೆಯಿತು. ಎಂಟನೇ ತರಗತಿಯ ಓದಿನವರ ಬುದ್ಧಿ ಇದು. ಡ್ರಿಲ್ಲಿನ ಚಕ್ ತಯಾರಿಸುವುದಕ್ಕೆ ಹೆಸರಾದ ಜೇಕಬ್ಸ್ ಕಂಪೆನಿ ಅದನ್ನು ಕೈಗೆತ್ತಿಕೊಂಡಿತು. 1961ರಿಂದ ಆ ಬ್ರೇಕು ಲಾರಿಗಳಿಗೆ ಬರತೊಡಗಿತು. ಅದರ ಗುಡುಗಿನಂಥ ಸದ್ದಿಗೆ ಬೇಸತ್ತು ಊರೊಳಗೆ ಬಳಸಬಾರದೆಂದು ಬೋರ್ಡು ಹಾಕಿದ ಪಟ್ಟಣಗಳು ಅಮೇರಿಕದಲ್ಲಿ ಅನೇಕ. ಘಾಟಿಗಳಲ್ಲಿ ಅದು ಉಳಿಸಿದ ಜೀವಗಳನ್ನು ಎಣಿಸಿದವರಿಲ್ಲ.

ಕಂಪೆನಿಯ ಹೆಸರು ನಮ್ಮ ದೇಶಕ್ಕೆ ಬಂದದ್ದು 1962ರಲ್ಲಿ, ಪುಣೆಯ ಕಿರ್ಲೋಸ್ಕರ್ ಕಮ್ಮಿನ್ಸ್ ಮೂಲಕ. ಕಿರ್ಲೋಸ್ಕರ ಉದ್ಯಮದ ಮೂಲಪುರುಷ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು. ಕಮ್ಮಿನ್ಸರು 1967ರಲ್ಲಿ ತಮ್ಮ ಡೀಸೆಲ್ ಬದುಕಿನ ಕಥೆಯನ್ನು ಪುಸ್ತಕವಾಗಿ ಹೊರತಂದರು. ಮರುವರ್ಷ, 1968ರ ಆಗಸ್ಟ್ 17ರಂದು, ತಮ್ಮ 79ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರಿನ ಎಂಜಿನ್ ಡಾಜ್ ಪಿಕಪ್ಪಿಗೆ ಬಂದದ್ದು ಅದಾಗಿ ಇಪ್ಪತ್ತು ವರ್ಷ ಕಳೆದ ಮೇಲೆ.