ಮುಚ್ಚಿಟ್ಟ ಸತ್ಯ, ನೋಟಿನ ಮೇಲಿನ ಮುಖ: ಮೇರಿ ರೈಬಿಯ ಬದುಕು

1828ರಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಸಾಹತಿನಲ್ಲಿ ಜನಗಣತಿ ನಡೆಯಿತು. ವಸಾಹತಿಗೆ ಬಂದದ್ದು ಯಾವಾಗ, ಸ್ವತಂತ್ರಳಾಗಿಯೋ ಕೈದಿಯಾಗಿಯೋ ಎಂಬ ಪ್ರಶ್ನೆಗೆ ಸಿಡ್ನಿಯ ಶ್ರೀಮಂತ ವಿಧವೆ ಮೇರಿ ರೈಬಿ ಕೊಟ್ಟ ಉತ್ತರ ಚುಟುಕಾಗಿತ್ತು: 1821ರಲ್ಲಿ, ಸ್ವತಂತ್ರಳಾಗಿ. ಅದು ಅಕ್ಷರಶಃ ಸುಳ್ಳಲ್ಲ. ಇಂಗ್ಲೆಂಡಿಗೆ ಹೋಗಿದ್ದ ಆಕೆ ಆ ವರ್ಷ ಮರಳಿದ್ದು ನಿಜ. ಆದರೆ ಆ ನೆಲದ ಮೇಲೆ ಆಕೆ ಮೊದಲು ಕಾಲಿಟ್ಟದ್ದು 1792ರಲ್ಲಿ, ಕುದುರೆ ಕದ್ದ ಅಪರಾಧಿಯಾಗಿ.

ಮೇರಿ ಹೇಡಾಕ್ ಹುಟ್ಟಿದ್ದು 1777ರಲ್ಲಿ, ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಬರಿ ಎಂಬ ಊರಿನಲ್ಲಿ. ಹದಿಹರೆಯಕ್ಕೆ ಆಗಷ್ಟೇ ಕಾಲಿಟ್ಟಿದ್ದ ಈ ಹುಡುಗಿ ಗಂಡುವೇಷ ತೊಟ್ಟು, ಜೇಮ್ಸ್ ಬರೋ ಎಂದು ಹೆಸರು ಹೇಳಿಕೊಂಡು ತಿರುಗುತ್ತಿದ್ದಾಗ ಕುದುರೆ ಕಳ್ಳತನದ ಆರೋಪದಲ್ಲಿ ಸಿಕ್ಕಿಬಿದ್ದಳು. ವೇಷದ ಗುಟ್ಟು ಹೊರಬಿತ್ತು, ಶಿಕ್ಷೆ ತಪ್ಪಲಿಲ್ಲ. ಕುದುರೆ ಕದ್ದವರನ್ನು ನೇಣಿಗೇರಿಸಲು ಕಾನೂನು ಅವಕಾಶ ನೀಡುತ್ತಿದ್ದ ಕಾಲವದು. ಆಕೆಗೆ ದೊರೆತದ್ದು ಏಳು ವರ್ಷಗಳ ಗಡೀಪಾರು. ಅಮೆರಿಕ ಕೈತಪ್ಪಿದ ಮೇಲೆ ಬ್ರಿಟನ್ ತನ್ನ ಕೈದಿಗಳನ್ನು ಸಾಗಿಸಲು ಆರಿಸಿಕೊಂಡ ದಿಕ್ಕು ಆಸ್ಟ್ರೇಲಿಯಾ. ನಮ್ಮವರಿಗೆ ಅಂಡಮಾನ್ ಹೇಗೋ, ಅಲ್ಲಿನ ಬಡವರಿಗೆ ಅದು ಹಾಗೆ ಕರಿನೀರು. 1788ರಿಂದ 1868ರವರೆಗೆ 1 ಲಕ್ಷ 60 ಸಾವಿರಕ್ಕೂ ಹೆಚ್ಚು ಮಂದಿ ಈ ದಾರಿ ಹಿಡಿದರು.

ರಾಯಲ್ ಅಡ್ಮಿರಲ್ ಹಡಗಿನಿಂದ ಇಳಿದಾಗ ಮೇರಿಗೆ 15 ವರ್ಷ. ಸೇನಾಧಿಕಾರಿ ಮೇಜರ್ ಗ್ರೋಸ್ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಎರಡು ವರ್ಷಗಳಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದ ಥಾಮಸ್ ರೈಬಿ ಎಂಬ ಯುವ ನಾವಿಕನೊಡನೆ ಮದುವೆಯಾಯಿತು. ದಂಪತಿಗೆ ಹಾಕ್ಸ್‌ಬರಿ ನದಿಯ ದಂಡೆಯಲ್ಲಿ ಜಮೀನು ಮಂಜೂರಾಯಿತು. ಅದು ಡಾರುಗ್ ಮೂಲನಿವಾಸಿಗಳ ನೆಲ ಎಂಬುದನ್ನು ಮಂಜೂರು ಮಾಡಿದವರು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಬೇಸಾಯದಿಂದ ವ್ಯಾಪಾರಕ್ಕೆ ಹೊರಳಿದ ಥಾಮಸ್ ದೋಣಿಗಳಲ್ಲಿ ಧಾನ್ಯ, ಕಲ್ಲಿದ್ದಲು, ದೇವದಾರು ಮರ, ಸೀಲ್ ಚರ್ಮಗಳನ್ನು ಸಾಗಿಸತೊಡಗಿದ. ಸಿಡ್ನಿಯಲ್ಲಿ ಕಟ್ಟಿಸಿದ ಮನೆಗೆ ಇಟ್ಟ ಹೆಸರು ಎಂಟಾಲಿ. ಅದು ಕೋಲ್ಕತ್ತಾದ ಒಂದು ಬಡಾವಣೆಯ ಹೆಸರು.

1811ರ ಏಪ್ರಿಲ್‌ನಲ್ಲಿ ಥಾಮಸ್ ತೀರಿಕೊಂಡ. ಕೆಲವೇ ವಾರಗಳಲ್ಲಿ ವ್ಯಾಪಾರದ ಪಾಲುದಾರ ಎಡ್ವರ್ಡ್ ವಿಲ್ಸ್ ಕೂಡ ಸತ್ತ. 34 ತುಂಬುವ ಮೊದಲೇ ವಿಧವೆಯಾಗಿದ್ದ ಮೇರಿಯ ಮಡಿಲಲ್ಲಿ ಏಳು ಮಕ್ಕಳು. ಹೆಗಲ ಮೇಲೆ ಹಡಗು, ಗೋದಾಮು, ಲೇವಾದೇವಿ. ಗಂಡನಿದ್ದಾಗಲೂ ಆತ ಸಮುದ್ರಯಾನದಲ್ಲಿದ್ದಾಗ ಅಂಗಡಿಯ ಲೆಕ್ಕ ನೋಡಿಕೊಂಡವಳು ಆಕೆಯೇ. 1812ರಲ್ಲಿ ಜಾರ್ಜ್ ಸ್ಟ್ರೀಟಿನಲ್ಲಿ ಹೊಸ ಗೋದಾಮು ತೆರೆದಳು, ಬಳಿಕ ಇನ್ನಷ್ಟು ಹಡಗುಗಳನ್ನು ಕೊಂಡಳು. ಮೃದು ಸ್ವಭಾವದವಳೇನೂ ಅಲ್ಲ. 1817ರಲ್ಲಿ ಸಾಲಗಾರನೊಬ್ಬನ ಮೇಲೆ ಕೈಮಾಡಿದ್ದಕ್ಕೆ ನ್ಯಾಯಾಲಯ ಆಕೆಯನ್ನು ತಪ್ಪಿತಸ್ಥಳೆಂದಿತು. ಅದೇ ವರ್ಷ ವಸಾಹತಿನ ಮೊದಲ ಬ್ಯಾಂಕ್, ಬ್ಯಾಂಕ್ ಆಫ್ ನ್ಯೂ ಸೌತ್ ವೇಲ್ಸ್, ವಹಿವಾಟು ಆರಂಭಿಸಿದ್ದು ಮ್ಯಾಕ್ವಾರಿ ಪ್ಲೇಸ್‌ನಲ್ಲಿದ್ದ ಆಕೆಯ ಬಾಡಿಗೆ ಕಟ್ಟಡದಲ್ಲಿ. ಇಂದಿನ ವೆಸ್ಟ್‌ಪ್ಯಾಕ್ ಅದರ ಮುಂದುವರಿಕೆ.

ಆದರೆ ಹಣದಿಂದ ಅಳಿಸಲಾಗದ ಗೆರೆಯೊಂದಿತ್ತು. ಶಿಕ್ಷೆ ಮುಗಿಸಿದವರನ್ನು ಸಮಾನರೆಂದು ಕಾಣಬೇಕೆಂಬುದು ಗವರ್ನರ್ ಮ್ಯಾಕ್ವಾರಿಯ ನಿಲುವು. ತನ್ನ ಊಟದ ಮೇಜಿಗೇ ಅವರನ್ನು ಕರೆಯುತ್ತಿದ್ದ. ಸ್ವತಂತ್ರರಾಗಿ ಬಂದು ನೆಲೆಸಿದ ಕುಲೀನರಿಗೆ ಅದು ಸಹನೆಯಾಗಲಿಲ್ಲ. ಮಾಜಿ ಕೈದಿ ಎಷ್ಟೇ ಸಿರಿವಂತನಾದರೂ ಅವರ ಪಾಲಿಗೆ ಮೈಲಿಗೆಯೇ. 1820ರಲ್ಲಿ ಮೇರಿ ಇಬ್ಬರು ಹೆಣ್ಣುಮಕ್ಕಳೊಡನೆ ಇಂಗ್ಲೆಂಡಿಗೆ ಹಡಗು ಹತ್ತಿ, ತಾನು ಹುಟ್ಟಿದ ಲ್ಯಾಂಕಶೈರನ್ನೂ ಕಂಡು ಬಂದಳು. ಆಕೆ ಮರಳಿದ ವರ್ಷದ ಕೊನೆಗೆ ಮ್ಯಾಕ್ವಾರಿಯ ಅಧಿಕಾರವೂ ಮುಗಿಯಿತು. ಗಣತಿಯವರಿಗೆ ಕೊಟ್ಟ ಉತ್ತರವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಬರೀ ಜಾಣತನವೆಂದು ತಳ್ಳಿಹಾಕುವುದು ಸುಲಭ. ಆದರೆ ತಾಯಿಯ ಹೆಸರಿಗಂಟಿದ ಕಳಂಕ ಮಕ್ಕಳ ಮದುವೆ, ಮರ್ಯಾದೆಗಳವರೆಗೆ ಚಾಚಬಲ್ಲ ಸಮಾಜವದು. ಆಕೆಯ ಕಿರಿಯ ಮಗಳು ಸೇನಾಧಿಕಾರಿಯೊಬ್ಬನ ಕೈಹಿಡಿದಳು. ಮೊಮ್ಮಗ ಥಾಮಸ್ ರೈಬಿ 1876ರಲ್ಲಿ ಟಾಸ್ಮೇನಿಯಾದ ಪ್ರಧಾನಿಯಾದ.

ಆ ದಿನ ನೋಡಲು ಮೇರಿ ಇರಲಿಲ್ಲ. ಕೊನೆಯ ವರ್ಷಗಳನ್ನು ಸಿಡ್ನಿಯ ನ್ಯೂಟೌನ್‌ನಲ್ಲಿ ಕಳೆದ ಆಕೆ 1855ರ ಮೇ 30ರಂದು, ತನ್ನ 78ನೆಯ ವಯಸ್ಸಿನಲ್ಲಿ ನಿಧನಳಾದಳು. 1994ರಲ್ಲಿ ಆಸ್ಟ್ರೇಲಿಯಾ ಹೊರತಂದ 20 ಡಾಲರಿನ ನೋಟಿನ ಮೇಲೆ ಟೋಪಿ, ಕನ್ನಡಕ ಧರಿಸಿದ ಆಕೆಯ ಮುಖ ಮೂಡಿತು. 2019ರ ಹೊಸ ನೋಟಿನಲ್ಲೂ ಅದು ಉಳಿದುಕೊಂಡಿದೆ.