ಲುಯಿಗಿ ಗಾಲ್ವಾನಿ

ತುಂಡಾದ ನರದ ತುದಿಗಳ ನಡುವೆ ವಿದ್ಯುದ್ವಾಹಕ ವಸ್ತುವಿನ ನಳಿಕೆಯನ್ನಿಟ್ಟು, ನರವು ಮತ್ತೆ ಬೆಳೆಯುವಂತೆ ಮಾಡುವ ಪ್ರಯೋಗಗಳು ಇಂದು ನಡೆಯುತ್ತಿವೆ. ನರದಲ್ಲಿ ವಿದ್ಯುತ್ತಿನ ವ್ಯಾಪಾರವಿದೆಯೆಂದು ಎರಡು ಶತಮಾನಗಳ ಹಿಂದೆಯೇ ತೋರಿಸಿಕೊಟ್ಟವನು ಇಟಲಿಯ ಲುಯಿಗಿ ಗಾಲ್ವಾನಿ. ಅವನು 1737ರಲ್ಲಿ ಬೊಲೋನ್ಯಾ ನಗರದಲ್ಲಿ ಜನಿಸಿ, ಅಲ್ಲಿಯೇ ವೈದ್ಯಶಾಸ್ತ್ರವನ್ನು ಕಲಿತು, ಅಂಗರಚನಾಶಾಸ್ತ್ರದ ಅಧ್ಯಾಪಕನಾದನು.

ಪತ್ನಿ ಲೂಚಿಯಾ ಅವನ ಪ್ರಯೋಗಗಳಿಗೆ ನೆರವಾಗುತ್ತಿದ್ದಳು. ಒಮ್ಮೆ ಸಹಾಯಕನೊಬ್ಬನು ಛೇದಿಸಿದ ಕಪ್ಪೆಯ ನರಕ್ಕೆ ಚೂರಿಯ ಮೊನೆಯನ್ನು ತಾಗಿಸಿದಾಗ, ಸತ್ತ ಕಪ್ಪೆಯ ಕಾಲು ಫಕ್ಕನೆ ಸೆಟೆದುಕೊಂಡಿತು. ಅದೇ ಕ್ಷಣದಲ್ಲಿ ಬಳಿಯಿದ್ದ ವಿದ್ಯುದ್ಯಂತ್ರದಿಂದ ಕಿಡಿ ಹಾರಿದ್ದಿತು. ಮತ್ತೊಬ್ಬನಾಗಿದ್ದರೆ ಇದನ್ನು ಕಡೆಗಣಿಸುತ್ತಿದ್ದನೇನೋ. ಗಾಲ್ವಾನಿ ವರ್ಷಗಟ್ಟಲೆ ಇದರ ಬೆನ್ನು ಹತ್ತಿದನು. ಹಿತ್ತಾಳೆಯ ಕೊಕ್ಕೆಗೆ ಸಿಕ್ಕಿಸಿದ ಕಪ್ಪೆಯ ಕಾಲುಗಳು ಕಬ್ಬಿಣದ ಕಂಬಿಯ ಸಂಪರ್ಕದಲ್ಲಿ, ಮಿಂಚಿಲ್ಲದ ದಿನವೂ ಅದುರಿದವು. ಪ್ರಾಣಿಯ ದೇಹದಲ್ಲಿಯೇ ವಿದ್ಯುತ್ತಿದೆಯೆಂದು 1791ರಲ್ಲಿ ಅವನು ಸಾರಿದನು.

ಪಾವಿಯಾದ ವಿಜ್ಞಾನಿ ವೋಲ್ಟಾ ಇದನ್ನು ಒಪ್ಪಲಿಲ್ಲ. ವಿದ್ಯುತ್ತು ಹುಟ್ಟುವುದು ಎರಡು ಬೇರೆ ಬೇರೆ ಲೋಹಗಳ ಸಂಪರ್ಕದಿಂದ ಎಂಬುದು ಅವನ ವಾದ. ಕೊಕ್ಕೆ ಕಂಬಿಗಳ ಮಟ್ಟಿಗೆ ಆ ಆಕ್ಷೇಪಣೆ ನ್ಯಾಯವಾದುದೇ. ಆದರೆ 1797ರಲ್ಲಿ ಗಾಲ್ವಾನಿ ಲೋಹವನ್ನೇ ಬಳಸದೆ, ಒಂದು ಕಾಲಿನ ನರವನ್ನು ಮತ್ತೊಂದರ ನರಕ್ಕೆ ತಾಗಿಸಿ ಸ್ನಾಯುಗಳನ್ನು ಅದುರಿಸಿದನು.

ಮರುವರ್ಷ, ನೆಪೋಲಿಯನ್ನನು ಸ್ಥಾಪಿಸಿದ್ದ ಗಣರಾಜ್ಯವು ಅಧ್ಯಾಪಕರಿಂದ ನಿಷ್ಠೆಯ ಪ್ರಮಾಣವಚನವನ್ನು ಬಯಸಿತು. ತನ್ನ ಧರ್ಮಶ್ರದ್ಧೆಗೆ ಅದು ಸಲ್ಲದೆಂದು ಗಾಲ್ವಾನಿ ನಿರಾಕರಿಸಿ, ಪದವಿಯನ್ನೂ ವೇತನವನ್ನೂ ಕಳೆದುಕೊಂಡನು. ಲೂಚಿಯಾ 1790ರಲ್ಲಿಯೇ ತೀರಿಕೊಂಡಿದ್ದಳು. ಪದವಿಯನ್ನು ಮರಳಿ ಕೊಡುವ ನಿರ್ಧಾರವಾಯಿತಾದರೂ, ಅದು ಜಾರಿಗೆ ಬರುವ ಮೊದಲೇ, 1798ರ ಡಿಸೆಂಬರ್ 4ರಂದು ಅವನು ಹುಟ್ಟಿದೂರಿನಲ್ಲಿಯೇ ಅಸುನೀಗಿದನು.